ಸ್ವತಂತ್ರ ಘಟನೆಗಳ ಸಂಯುಕ್ತ ಸಂಭವನೀಯತೆ

ಎರಡು ಅಥವಾ ಹೆಚ್ಚು ಘಟನೆಗಳು ಕೂಡಿ ನಡೆಯುವುದಕ್ಕಿರುವ ಸಾಧ್ಯತೆಯ ಅಳತೆಗೆ ಸಂಯುಕ್ತ ಸಂಭವನೀಯತೆಯೆಂದು ಹೆಸರು. ಆ ಘಟನೆಗಳಲ್ಲಿ ಒಂದು ನಡೆಯಿತೆಂಬ ಅಥವಾ ನಡೆಯಲಿಲ್ಲವೆಂಬ ತಿಳಿವು ಮತ್ತೊಂದರ ಸಂಭವನೀಯತೆಯನ್ನು ಕಿಂಚಿತ್ತೂ ಏರಿಸದೆ, ಕಿಂಚಿತ್ತೂ ಇಳಿಸದೆ ಇರುವುದಾದರೆ ಅವು ಪರಸ್ಪರ ಸ್ವತಂತ್ರವೆನಿಸುತ್ತವೆ. ಅಂಥ ಘಟನೆಗಳ ಸಂಯುಕ್ತ ಸಂಭವನೀಯತೆಯು ಅವುಗಳ ಪ್ರತ್ಯೇಕ ಸಂಭವನೀಯತೆಗಳ ಗುಣಲಬ್ಧಕ್ಕೆ ಸಮವಾಗಿರುತ್ತದೆ. ಅ, ಬ ಎಂಬವು ಎರಡು ಘಟನೆಗಳಾದರೆ ಸಂ(ಅ ಮತ್ತು ಬ) = ಸಂ(ಅ) × ಸಂ(ಬ) ಎಂಬುದು ಸೂತ್ರ. ಪ್ರೌಢಶಾಲೆಯ ವಿದ್ಯಾರ್ಥಿಯು ನಿಮಿಷಾರ್ಧದಲ್ಲಿ ಮುಗಿಸಬಹುದಾದ ಈ ಗುಣಾಕಾರದಲ್ಲಿ ಕಠಿನವೆಂಬುದೇನೂ ಇಲ್ಲ; ಕಠಿನವಾದದ್ದೆಂದರೆ, ಗುಣಿಸುವುದಕ್ಕೆ ಮೊದಲು ಗುಣಿಸುವ ಅಧಿಕಾರವು ತನಗೆ ಉಂಟೆ ಎಂಬುದನ್ನು ನಿಶ್ಚಯಿಸಿಕೊಳ್ಳುವುದು. ಸ್ವಾತಂತ್ರ್ಯವು ಅಂಕೆಗಳ ಗುಣವಲ್ಲ, ಲೋಕದಲ್ಲಿ ವಸ್ತುಗಳು ವರ್ತಿಸುವ ಬಗೆಯನ್ನು ಕುರಿತ ಒಂದು ಪ್ರತಿಜ್ಞೆ. ಆದಕಾರಣ ಅದನ್ನು ಕಾಗದದ ಮೇಲೆ ಸಾಧಿಸುವುದಕ್ಕಿಂತ ಕಣ್ಣಿಟ್ಟು ನೋಡಿ ಪರೀಕ್ಷಿಸುವುದೇ ಹೆಚ್ಚು ಅವಶ್ಯಕ.

ಹಳೆಯ ಮೈಸೂರು ಸೀಮೆಯ ಮನೆಗಳಲ್ಲಿ ಬಹುಕಾಲದಿಂದ ಆಡುತ್ತ ಬಂದಿರುವ ಚೌಕಾಬಾರದ ಆಟವು ಈ ನಿಯಮಕ್ಕೆ ಅತ್ಯಂತ ಸಮೀಪದ ಉದಾಹರಣೆ. ಐದು ಅಡ್ಡ, ಐದು ಉದ್ದ ಮನೆಗಳ ಪಟವನ್ನು ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು, ನಾಲ್ಕು ಕವಡೆಗಳನ್ನು ಅಂಗೈಯಲ್ಲಿ ಕುಲುಕಿ ಎಸೆದು, ಬಾಯಿ ಮೇಲಾಗಿ ಬಿದ್ದ ಕವಡೆಗಳೆಷ್ಟೋ ಅಷ್ಟು ಮನೆ ಕಾಯಿ ನಡೆಸುವುದು ಆಟದ ಕ್ರಮ. ನಾಲ್ಕೂ ಬಾಯಿ ಮೇಲಾದರೆ ಚೌಕ, ಎಂದರೆ ನಾಲ್ಕು. ನಾಲ್ಕೂ ಮಗುಚಿ ಬಿದ್ದರೆ ಬಾರ, ಎಂದರೆ ಎಂಟು. ಈ ಎರಡರಲ್ಲಿ ಯಾವ ಗರ ಬಿದ್ದರೂ ಆಡುವವರಿಗೆ ಇನ್ನೊಂದು ಎಸೆತ. ಒಂದು ಕವಡೆ ಹೇಗೆ ಬಿದ್ದಿತೆಂಬುದು ಮಗ್ಗುಲ ಕವಡೆ ಹೇಗೆ ಬೀಳಬೇಕೆಂಬುದನ್ನು ನಿರ್ಣಯಿಸುವುದಿಲ್ಲವಾದ್ದರಿಂದ ನಾಲ್ಕನ್ನೂ ಸ್ವತಂತ್ರವೆಂದು ಭಾವಿಸಬಹುದು. ಪ್ರತಿಯೊಂದಕ್ಕೂ ಬಾಯಿ ಮೇಲಾಗುವ ಸಂಭವನೀಯತೆ ಅರ್ಧವೆಂದು ಸದ್ಯಕ್ಕೆ ಇಟ್ಟುಕೊಂಡರೆ, ಚೌಕ ಬೀಳುವ ಸಂಭವನೀಯತೆ ಅರ್ಧವನ್ನು ನಾಲ್ಕು ಬಾರಿ ಗುಣಿಸಿ ಬಂದ 1/16, ಬಾರಕ್ಕೂ ಅಷ್ಟೇ. ಎರಡು ಎಂಬ ಗರದ ಲೆಕ್ಕ ಸ್ವಲ್ಪ ಬೇರೆ: ನಿರ್ದಿಷ್ಟವಾದ ಎರಡು ಕವಡೆ ಮೇಲಾಗಿ ಉಳಿದೆರಡು ಮಗುಚುವ ಸಂಭವನೀಯತೆಯೂ 1/16 ಆದರೂ, ನಾಲ್ಕರಲ್ಲಿ ಎರಡನ್ನು ಆರಿಸುವ ಬಗೆಗಳು 6 ಆಗಿರುವುದರಿಂದ ಅದು 6/16 ಆಗುತ್ತದೆ, ಒಂದಕ್ಕೂ ಮೂರಕ್ಕೂ 4/16. ಇಲ್ಲಿ ಎರಡು ನಿಯಮಗಳು ಕೈಗೂಡಿಸಿ ದುಡಿಯುತ್ತಿರುವುದನ್ನು ಗಮನಿಸಬೇಕು: ‘ಮತ್ತು’ ಎಂಬಲ್ಲಿ ಗುಣಾಕಾರ, ‘ಅಥವಾ’ ಎಂಬಲ್ಲಿ, ಒಂದು ಇದ್ದಲ್ಲಿ ಇನ್ನೊಂದಿಲ್ಲದ ಬಗೆಗಳಿಗೆ, ಸಂಕಲನ.

ಆದರೆ ಕವಡೆಯು ನಾಣ್ಯದಂತೆ ಸಮಪಾರ್ಶ್ವದ ವಸ್ತುವಲ್ಲ. ಅದರ ಬೆನ್ನು ಉಬ್ಬು, ಬಾಯಿ ಚಪ್ಪಟೆ. ಬೆನ್ನನ್ನು ಒಡೆದು ಸೀಸ ತುಂಬಿದ್ದಾರೆಯೆ, ಉಜ್ಜಿದ್ದಾರೆಯೆ ಎಂಬುದರ ಮೇಲೂ ಬೀಳುವ ರೀತಿ ವ್ಯತ್ಯಾಸಗೊಳ್ಳುತ್ತದೆ. ಕವಡೆಗೆ ಬದಲಾಗಿ ಹುಣಸೆಬೀಜದ ಒಂದು ಮಗ್ಗುಲನ್ನು ಕಲ್ಲಿನ ಮೇಲೆ ಬಿಳುಪಾಗುವವರೆಗೆ ತೇಯ್ದು ಆಡುವ ಕಡೆಗಳಲ್ಲಂತೂ ಬೀಜ ಬೀಜಕ್ಕೂ ಒಂದೊಂದು ಸ್ವಭಾವ. ಬಾಯಿ ಮೇಲಾಗುವ ಸಂಭವನೀಯತೆ 0.4 ಎಂದಿಟ್ಟುಕೊಂಡು ಲೆಕ್ಕ ಹಾಕಿದರೆ ಚೌಕಕ್ಕೆ 0.0256, ಬಾರಕ್ಕೆ 0.1296 ಬರುತ್ತದೆ, ಅರ್ಥಾತ್ ಸಮಾನವಾಗಿದ್ದ ಎರಡು ಗರಗಳಲ್ಲಿ ಒಂದು ಇನ್ನೊಂದರ ಐದರಷ್ಟಾಗುತ್ತದೆ. ಒಂದು ಕವಡೆಯಲ್ಲಿ ಹತ್ತರಲ್ಲೊಂದು ಭಾಗದ ಓರೆಯು ನಾಲ್ಕು ಕವಡೆ ಸೇರುವಷ್ಟರಲ್ಲಿ ಇಷ್ಟು ದೊಡ್ಡ ಅಂತರವಾಗಿ ಬೆಳೆಯುವುದು ಗುಣಾಕಾರದ ಸ್ವಭಾವ. ಪ್ರತ್ಯೇಕ ಸಂಭವನೀಯತೆಯ ಅಂದಾಜಿನಲ್ಲಿ ಕೂದಲೆಳೆಯಷ್ಟು ತಪ್ಪಿದರೂ ಬಹುಸಂಖ್ಯೆಯ ಘಟನೆಗಳ ಗುಣಲಬ್ಧದಲ್ಲಿ ಅದು ಕಣ್ಣಿಗೆ ಹೊಡೆಯುವಂತೆ ತೋರುತ್ತದೆ. ಸಮತ್ವವೂ ಸ್ವಾತಂತ್ರ್ಯವೂ ಬೇರೆ ಬೇರೆ ಗುಣಗಳೆಂಬುದನ್ನು ಸಹ ಇದೇ ಉದಾಹರಣೆ ಕಲಿಸುತ್ತದೆ, ಏಕೆಂದರೆ ಓರೆಯಾದ ಕವಡೆಗಳು ಸಹ ಪರಸ್ಪರ ಸ್ವತಂತ್ರವಾಗಿಯೇ ಇವೆ.

ಎಸೆತ ಎಸೆತಕ್ಕೂ ನಡುವಣ ಸ್ವಾತಂತ್ರ್ಯ ಇನ್ನೊಂದು ವಿಷಯ. ಸತತವಾಗಿ ಎರಡು ಬಾರ ಹಾಕಿದವನಿಗೆ ಮೂರನೆಯದೂ ಬಿದ್ದೇ ಬೀಳುತ್ತದೆಂದು ನೆರೆದವರಲ್ಲಿ ಅರ್ಧ ಜನ, ಇನ್ನು ಬೀಳಲಾರದೆಂದು ಉಳಿದರ್ಧ ಜನ ನಂಬುವುದು ಪ್ರತಿ ಜಗುಲಿಯ ಅನುಭವ. ಕವಡೆಗೆ ನೆನಪಿಲ್ಲವಾದ್ದರಿಂದ ಎರಡು ಪಕ್ಷಕ್ಕೂ ಆಧಾರವಿಲ್ಲ. ಸಮಪಾರ್ಶ್ವದ ಲೆಕ್ಕದಲ್ಲಿ ಮರು ಎಸೆತ ದೊರೆಯುವ ಸಂಭವನೀಯತೆ 1/8. ಮೂರು ಬಾರಿ ಸತತವಾಗಿ ದೊರೆಯುವುದು 1/512. ಆದರೆ ಎರಡು ಬಾರಿ ದೊರೆತ ಮೇಲೆ ಮೂರನೆಯದು ಪುನಃ 1/8 ಮಾತ್ರವೇ ಹೊರತು 1/512 ಅಲ್ಲ. ಆಟಕ್ಕೆ ಕೂರುವ ಮೊದಲು ಮೂರನ್ನೂ ಕುರಿತು ಕೇಳಿದ ಪ್ರಶ್ನೆಗೂ, ಎರಡು ಆಗಿಹೋದ ಮೇಲೆ ಮೂರನೆಯದೊಂದನ್ನೇ ಕುರಿತು ಕೇಳಿದ ಪ್ರಶ್ನೆಗೂ ಇರುವ ಭೇದವನ್ನು ಮರೆತವರೇ ಜೂಜಿನಲ್ಲಿ ಮನೆ ಕಳೆದುಕೊಂಡವರಲ್ಲಿ ಬಹುಮಂದಿ.

ಬಗೆಗಳನ್ನು ಎಣಿಸುವ ಶಾಸ್ತ್ರವು ಕನ್ನಡ ನಾಡಿಗೆ ಹೊಸದಲ್ಲ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ, ಸುಮಾರು 850ರ ಹೊತ್ತಿಗೆ, ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದ ಜೈನ ಗಣಿತಜ್ಞ ಮಹಾವೀರಾಚಾರ್ಯನು, ಇಷ್ಟು ವಸ್ತುಗಳಲ್ಲಿ ಇಷ್ಟನ್ನು ಆರಿಸುವ ಬಗೆಗಳೆಷ್ಟೆಂಬುದಕ್ಕೆ ಸಾಮಾನ್ಯ ಸೂತ್ರವನ್ನು ಅದರಲ್ಲಿ ಕೊಟ್ಟಿದ್ದಾನೆ: ಸಂಖ್ಯೆಗಳನ್ನು ಒಂದರಿಂದ ಮೇಲಕ್ಕೊಮ್ಮೆ, ಅವನ್ನೇ ತಿರುಗುಮುರುಗಾಗಿ ಇನ್ನೊಮ್ಮೆ ಇರಿಸಿ, ಬೇಕಾದಷ್ಟು ಸ್ಥಾನಗಳ ಗುಣಲಬ್ಧಗಳನ್ನು ಭಾಗಿಸುವುದು. ನಾಲ್ಕು ಕವಡೆಗಳಲ್ಲಿ ಎರಡನ್ನು ಆರಿಸುವ ಬಗೆ 4 × 3ನ್ನು 1 × 2ರಿಂದ ಭಾಗಿಸಿದ 6 ಎಂದು ಮೇಲೆ ಕಂಡದ್ದು ಅದೇ ಸೂತ್ರದ ಫಲ. ಹನ್ನೆರಡನೆಯ ಶತಮಾನದಲ್ಲಿ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲೇ ಬರೆದ ರಾಜಾದಿತ್ಯನವರೆಗೂ ಆ ಗಣಿತ ಪರಂಪರೆ ಹರಿದುಬಂದಿದೆ. ಎಣಿಕೆ ಇತ್ತು, ಆಟವೂ ಇತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಮೈಸೂರಿನ ಅರಮನೆಯಲ್ಲಿ ಪಟದಾಟಗಳನ್ನೂ ಗಂಜೀಫಾ ಎಲೆಗಳನ್ನೂ ತಾವೇ ಕಲ್ಪಿಸಿ ರಚಿಸುವಷ್ಟು ಅದರಲ್ಲಿ ಆಸಕ್ತಿಯಿತ್ತು. ಆದರೂ ಎಣಿಕೆಯನ್ನೂ ಆಟವನ್ನೂ ಕೂಡಿಸಿ ಯದೃಚ್ಛೆಯನ್ನು ಅಳೆಯುವ ಶಾಸ್ತ್ರವೊಂದು ಇಲ್ಲಿ ಗ್ರಂಥರೂಪದಲ್ಲಿ ಬೆಳೆಯಲಿಲ್ಲ. ಮಹಾಭಾರತದ ವನಪರ್ವದಲ್ಲಿ, ಕನಕದಾಸರು ‘ನಳಚರಿತ್ರೆ’ಯಾಗಿ ಕನ್ನಡಕ್ಕೆ ತಂದ ಆ ಕಥೆಯಲ್ಲಿ, ಋತುಪರ್ಣ ಮಹಾರಾಜನು ತಾರೆಮರದ ಎಲೆ ಕಾಯಿಗಳ ಸಂಖ್ಯೆಯನ್ನು ರಥದಿಂದಲೇ ಹೇಳಿ, ಬಳಿಕ ನಳನಿಗೆ ಅಕ್ಷಹೃದಯವನ್ನು ಉಪದೇಶಿಸುತ್ತಾನೆ, ಎಣಿಕೆಯ ವಿದ್ಯೆಗೂ ದ್ಯೂತದ ವಿದ್ಯೆಗೂ ನಂಟಿದೆಯೆಂಬುದನ್ನು ಬಲ್ಲವನೇ ಆ ಪ್ರಸಂಗವನ್ನು ಕಟ್ಟಿರಬೇಕೆಂದು ಈ ಲೇಖಕನಿಗೆ ತೋರುತ್ತದೆ.

ಯೂರೋಪಿನಲ್ಲಿ ಈ ಶಾಸ್ತ್ರದ ನಿಶ್ಚಿತವಾದ ಆರಂಭವನ್ನು 1654ರಲ್ಲಿ ಪ್ಯಾಸ್ಕಲ್, ಫರ್ಮಾ ಎಂಬಿಬ್ಬರು ಫ್ರೆಂಚ್ ಗಣಿತಜ್ಞರ ನಡುವೆ ನಡೆದ ಪತ್ರವ್ಯವಹಾರದಲ್ಲಿ ಗುರುತಿಸುವುದು ವಾಡಿಕೆ. ದ ಮೆರೆ ಎಂಬ ಸರದಾರನು ಅವರ ಮುಂದಿಟ್ಟ ಸಮಸ್ಯೆಗಳಲ್ಲೊಂದು ಸ್ವತಂತ್ರ ಘಟನೆಗಳ ಲೆಕ್ಕವೇ ಆಗಿತ್ತು. ಒಂದು ದಾಳವನ್ನು ನಾಲ್ಕು ಸಲ ಎಸೆದು ಒಮ್ಮೆಯಾದರೂ ಆರು ಬೀಳುವುದನ್ನು ಲೆಕ್ಕಿಸಬೇಕಾದರೆ, ಒಮ್ಮೆಯೂ ಬೀಳದಿರುವ ಪೂರಕ ಘಟನೆಯನ್ನು ಹಿಡಿಯುವುದು ಸುಲಭ: 5/6ನ್ನು ನಾಲ್ಕು ಬಾರಿ ಗುಣಿಸಿ ಒಂದರಿಂದ ಕಳೆದರೆ 671/1296, ಎಂದರೆ ಸುಮಾರು 0.518. ಎರಡು ದಾಳಗಳನ್ನು 24 ಸಲ ಎಸೆದು ಜೋಡಿ ಆರು ಒಮ್ಮೆಯಾದರೂ ಬೀಳುವುದು ಇದೇ ಮಾರ್ಗದಿಂದ ಸುಮಾರು 0.491. ಮೊದಲ ಪಣ ಅರ್ಧಕ್ಕಿಂತ ಮೇಲು, ಎರಡನೆಯದು ಕೆಳಗು. ‘ಒಮ್ಮೆಯಾದರೂ’ ಎಂಬ ಪ್ರಶ್ನೆ ಬಂದೆಡೆಯಲ್ಲೆಲ್ಲ ‘ಒಮ್ಮೆಯೂ ಇಲ್ಲ’ ಎಂಬುದರಿಂದ ಹೊರಡುವ ಈ ಉಪಾಯವು ಅಂದಿನಿಂದ ಶಾಸ್ತ್ರದ ನಿತ್ಯ ಸಾಧನವಾಗಿದೆ. 1718ರಲ್ಲಿ ದ ಮುಆವ್ರನು ತನ್ನ ಗ್ರಂಥದಲ್ಲಿ ಗುಣಾಕಾರದ ನಿಯಮವನ್ನು ಸ್ಪಷ್ಟವಾಗಿ ನಿರೂಪಿಸಿದನು. 1933ರಲ್ಲಿ ರಷ್ಯದ ಕಲ್ಮಗೋರಫ್ ಇಡೀ ಶಾಸ್ತ್ರಕ್ಕೆ ಸ್ವಯಂಸಿದ್ಧಗಳ ತಳಹದಿ ಹಾಕಿದಾಗ, ಈ ಗುಣಾಕಾರವು ಸಾಧಿಸಬೇಕಾದ ಪ್ರಮೇಯವಾಗಿ ಉಳಿಯದೆ ಸ್ವಾತಂತ್ರ್ಯದ ಲಕ್ಷಣವೇ ಆಯಿತು.

ಸ್ವಾತಂತ್ರ್ಯವಿಲ್ಲದೆಡೆ ಏನು ಮಾಡಬೇಕು? ಆಗಲೂ ಗುಣಿಸುವುದುಂಟು, ಆದರೆ ಎರಡನೆಯ ಘಟನೆಯ ಸಂಭವನೀಯತೆಯನ್ನು, ಮೊದಲನೆಯದು ನಡೆದಿದೆಯೆಂಬ ನಿಬಂಧನೆಗೆ ಒಳಪಡಿಸಿ, ಹೊಸದಾಗಿ ತೆಗೆದುಕೊಳ್ಳಬೇಕು. ಇಪ್ಪತ್ತು ಬೋಲ್ಟುಗಳ ಡಬ್ಬಿಯಲ್ಲಿ ಎರಡು ಕೆಟ್ಟಿದ್ದು, ಒಂದಾದ ಮೇಲೊಂದು ಎರಡನ್ನು ತೆಗೆದಾಗ ಎರಡೂ ಒಳ್ಳೆಯವಾಗಿರುವುದು 18/20 × 17/19, ಎಂದರೆ ಸುಮಾರು 0.805, ಮೊದಲನೆಯದನ್ನು ಹಿಂದಕ್ಕೆ ಹಾಕಿ ಕಲಸಿ ತೆಗೆದಿದ್ದರೆ 0.81. ಡಬ್ಬಿಗೆ ಬದಲಾಗಿ ಇಪ್ಪತ್ತು ಸಾವಿರದ ರಾಶಿಯಿದ್ದಲ್ಲಿ ಈ ವ್ಯತ್ಯಾಸ ಕಾಣದಷ್ಟು ಕುಗ್ಗುವುದರಿಂದಲೇ ತನಿಖೆಗಾರರು ದೊಡ್ಡ ರಾಶಿಯ ಮಾದರಿಗಳನ್ನು ಸ್ವತಂತ್ರವೆಂದೇ ಪರಿಗಣಿಸುತ್ತಾರೆ. ಒಂದು ನಡೆದರೆ ಇನ್ನೊಂದು ನಡೆಯಲಾರದಂಥ ಘಟನೆಗಳನ್ನು, ಅವು ಬೇರೆ ಬೇರೆಯಾಗಿವೆಯೆಂಬ ಮಾತ್ರಕ್ಕೆ, ಸ್ವತಂತ್ರವೆಂದು ತಿಳಿಯುವ ಭ್ರಮೆ ವಿದ್ಯಾರ್ಥಿಗಳಲ್ಲಿ ಸಾಮಾನ್ಯ. ವಾಸ್ತವದಲ್ಲಿ ಅವು ಅತ್ಯಂತ ಪರಾಧೀನವಾದವು: ಕವಡೆ ಬಾಯಿ ಮೇಲಾಗಿದೆಯೆಂದು ತಿಳಿದೊಡನೆ ಅದು ಮಗುಚಿರುವ ಸಂಭವನೀಯತೆ ಸೊನ್ನೆಗಿಳಿಯುತ್ತದೆ.

ಬೆಂಗಳೂರಿನ ಉತ್ತರ ಭಾಗದಲ್ಲಿ ಈ ಶಾಸ್ತ್ರಕ್ಕೆ ದಿನನಿತ್ಯದ ಬಳಕೆಯಿರುವುದು ಯಂತ್ರಶಾಲೆಗಳಲ್ಲಿ. 1953ರಲ್ಲಿ ಹಿಂದೂಸ್ತಾನ್ ಮೆಷಿನ್ ಟೂಲ್ಸ್, 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಜಾಲಹಳ್ಳಿಯ ಬಯಲಿನಲ್ಲಿ ನೆಲೆಗೊಂಡ ಮೇಲೆ ಪೀಣ್ಯ, ಅಬ್ಬಿಗೆರೆ ಮೊದಲಾದ ಸುತ್ತಣ ಊರುಗಳಲ್ಲಿ ಸಣ್ಣ ಸಣ್ಣ ಶೆಡ್ಡುಗಳು ಎದ್ದು, ದೊಡ್ಡ ಕಾರ್ಖಾನೆಗಳಿಗೆ ಬೇಕಾದ ಬಿಡಿಭಾಗಗಳನ್ನು ಜಾಬ್ ವರ್ಕ್‌ನಲ್ಲಿ ಮಾಡಿಕೊಡುವ ಉದ್ಯಮ ಹಬ್ಬಿತು. ಅಂಥದೊಂದು ಶೆಡ್ಡಿನಲ್ಲಿ ತಯಾರಾಗುವ ಉಕ್ಕಿನ ಶಾಫ್ಟೊಂದನ್ನು ಹಿಡಿದು ನೋಡೋಣ. ಸರಳು ಮೊದಲು ಲೇತಿಗೇರಿ ಟರ್ನಿಂಗ್ ಆಗುತ್ತದೆ. ಅಲ್ಲಿಂದ ಡ್ರಿಲ್ಲಿಂಗ್, ಅನಂತರ ಥ್ರೆಡ್ ಹಾಕುವುದು, ಆಮೇಲೆ ಹೀಟ್ ಟ್ರೀಟ್‌ಮೆಂಟಿಗೆ ಹೋಗಿಬರುವುದು, ಕಡೆಗೆ ಗ್ರೈಂಡಿಂಗ್. ತರುವಾಯ ತನಿಖೆಯ ಮೇಜಿನ ಮೇಲೆ ಮೈಕ್ರೋಮೀಟರಿನಿಂದ ವ್ಯಾಸವನ್ನೂ ಗೇಜಿನಿಂದ ರಂಧ್ರವನ್ನೂ ನೋಡಿ ಪಾಸು ಅಥವಾ ರಿಜೆಕ್ಟ್ ಎಂದು ಬೇರ್ಪಡಿಸುತ್ತಾರೆ. ಐದು ಹಂತಗಳಲ್ಲಿ ಕೆಲಸ ಸರಿಯಾಗುವ ಸಂಭವನೀಯತೆ ಅನುಕ್ರಮವಾಗಿ 0.99, 0.98, 0.97, 0.95, 0.98 ಎಂದು ಭಾವಿಸೋಣ. ಯಾವ ಹಂತದ ಕೆಲಸಗಾರನೂ ತನ್ನ ಕೆಲಸ ಕಳಪೆಯೆಂದು ಒಪ್ಪುವಂತಿಲ್ಲ, ಒಪ್ಪಬೇಕಾದ್ದೂ ಇಲ್ಲ. ಅತ್ಯಂತ ದುರ್ಬಲವಾದ ಹಂತವೇ ನೂರಕ್ಕೆ ತೊಂಬತ್ತೈದು. ಆದರೂ ಐದನ್ನೂ ಗುಣಿಸಿದರೆ ಬರುವುದು 0.876. ಸಾವಿರ ಸರಳುಗಳನ್ನು ಲೇತಿಗೆ ಕೊಟ್ಟವನು ಸುಮಾರು 876 ಶಾಫ್ಟುಗಳನ್ನಷ್ಟೇ ಲಾರಿಗೆ ಹಾಕಬಲ್ಲ. ಸಾವಿರದ ಆರ್ಡರನ್ನು ಪೂರೈಸಲು ಎಷ್ಟು ಸರಳು ತರಿಸಬೇಕು, ದರವನ್ನು ಎಷ್ಟಕ್ಕೆ ಒಪ್ಪಿಕೊಂಡರೆ ಕೈಯಿಂದ ಹೋಗದು ಎಂಬ ಪ್ರಶ್ನೆಗಳು ಈ ಗುಣಲಬ್ಧವನ್ನು ಅವಲಂಬಿಸಿವೆ. ಸರಾಸರಿಯನ್ನು ನೆಚ್ಚಿ ನೂರಕ್ಕೆ ತೊಂಬತ್ತೇಳರ ಲೆಕ್ಕದಲ್ಲಿ ದರ ಬರೆದುಕೊಟ್ಟ ಶೆಡ್ಡಿಗೆ ನಷ್ಟವೇ ಗತಿ.

ಇದೇ ತತ್ತ್ವವು ಯಂತ್ರಗಳ ವಿಶ್ವಾಸಾರ್ಹತೆಗೆ ಅನ್ವಯವಾದದ್ದು ಎರಡನೆಯ ಮಹಾಯುದ್ಧದ ಕಾಲದ ಅನುಭವದಿಂದ. ಜರ್ಮನಿಯಲ್ಲಿ ವಿ-1 ಹಾರುಬಾಂಬಿನ ರಚನೆಯಲ್ಲಿ ಪಾಲ್ಗೊಂಡು ಆಮೇಲೆ ಅಮೆರಿಕದಲ್ಲಿ ಕ್ಷಿಪಣಿಗಳ ಕೆಲಸ ಮಾಡಿದ ರಾಬರ್ಟ್ ಲುಸ್ಸರ್ ಎಂಬ ಎಂಜಿನಿಯರಿನ ಹೆಸರಿನಲ್ಲಿ ಅದು ಪ್ರಸಿದ್ಧವಾಗಿದೆ. ಯಾವೊಂದು ಭಾಗ ಕೆಟ್ಟರೂ ಇಡೀ ಉಪಕರಣ ನಿಲ್ಲುವಂಥ ಸರಣಿ ವ್ಯವಸ್ಥೆಯ ಬಲವು ಅತ್ಯಂತ ದುರ್ಬಲವಾದ ಭಾಗದ ಬಲವೆಂದು ಹಿಂದಿನವರು ತಿಳಿದಿದ್ದರು. ಅದು ಎಲ್ಲ ಭಾಗಗಳ ಗುಣಲಬ್ಧವಾದ್ದರಿಂದ ದುರ್ಬಲತಮ ಭಾಗಕ್ಕಿಂತಲೂ ಬಹಳ ಕೆಳಗಿರಬಲ್ಲುದೆಂಬುದು ಈ ನಿಯಮದ ಸಾರ. ಸಾವಿರಕ್ಕೆ ಒಂಬೈನೂರ ತೊಂಬತ್ತೊಂಬತ್ತು ಪಾಲು ನಂಬಬಹುದಾದ 400 ಭಾಗಗಳ ಉಪಕರಣವು ಒಟ್ಟಿನಲ್ಲಿ ನೂರಕ್ಕೆ 67 ಪಾಲು ಮಾತ್ರ ನಂಬಲರ್ಹ. ರೇಡಾರಿನಂಥ ಬಹುಭಾಗದ ಉಪಕರಣಗಳನ್ನು ತಯಾರಿಸುವ ಕಾರ್ಖಾನೆಗಳಲ್ಲಿ ಒಂದೊಂದು ಬಿಡಿಭಾಗಕ್ಕೂ ಹೊರನೋಟಕ್ಕೆ ಅತಿಯೆನಿಸುವ ಪರೀಕ್ಷೆಗಳಿರುವುದು ಈ ಕಾರಣದಿಂದ.

ಈ ಲೆಕ್ಕಗಳೆಲ್ಲ ಹಂತ ಹಂತಗಳು ಸ್ವತಂತ್ರವೆಂಬ ಗ್ರಹಿಕೆಯ ಮೇಲೆ ನಿಂತಿವೆ. ನಿಜವಾದ ಶೆಡ್ಡಿನಲ್ಲಿ ಅದು ಎಷ್ಟರಮಟ್ಟಿಗೆ ಸತ್ಯ? ಉಕ್ಕಿನ ಒಂದು ಕಂತು ಹದ ತಪ್ಪಿ ಬಂದಿದ್ದರೆ, ಗಡುಸು ಸರಳಿನಲ್ಲಿ ಡ್ರಿಲ್ ಓಡದೆ ರಂಧ್ರವೂ ಕೆಡುತ್ತದೆ, ಮುಂದೆ ಅದೇ ಸರಳು ಗ್ರೈಂಡಿಂಗಿನಲ್ಲಿಯೂ ಕೈಕೊಡುತ್ತದೆ. ಎರಡು ಕೇಡಿಗೂ ಬೇರು ಒಂದೇ. ಇದನ್ನು ಕಂಡುಹಿಡಿಯುವ ಕ್ರಮ ಸರಳವಾದದ್ದು. ಸಾವಿರ ಶಾಫ್ಟುಗಳ ರಿಜಿಸ್ಟರಿನಲ್ಲಿ ರಂಧ್ರ ಕೆಟ್ಟವು 40, ವ್ಯಾಸ ಕೆಟ್ಟವು 50 ಎಂದಿದ್ದರೆ, ಸ್ವತಂತ್ರವಾಗಿದ್ದ ಪಕ್ಷದಲ್ಲಿ ಎರಡೂ ಕೆಟ್ಟವು 0.04 × 0.05 × 1000, ಎಂದರೆ ಎರಡರ ಆಸುಪಾಸಿನಲ್ಲಿರಬೇಕು. ಎರಡಕ್ಕೆ ಬದಲಾಗಿ ಹದಿನೈದು ಕಂಡುಬಂದರೆ ಅದು ಕೇವಲ ದೈವಯೋಗವಲ್ಲ, ಸರಳನ್ನು ಕೊಟ್ಟವನನ್ನು ವಿಚಾರಿಸಬೇಕಾದ ಕಾಲ. ಕಂಡ ಸಂಖ್ಯೆಗೂ ನಿರೀಕ್ಷಿತ ಸಂಖ್ಯೆಗೂ ಇರುವ ಅಂತರವು ಯದೃಚ್ಛೆಯ ಎಲ್ಲೆಯನ್ನು ಮೀರಿದೆಯೆ ಎಂಬುದನ್ನು ಅಳೆಯುವುದಕ್ಕೆ ಕಾರ್ಲ್ ಪಿಯರ್ಸನ್ 1900ರಲ್ಲಿ ಪ್ರಕಟಿಸಿದ ಕೈ-ವರ್ಗ ಪರೀಕ್ಷೆ ಇಂದಿಗೂ ಬಳಕೆಯಲ್ಲಿದೆ. ಆದರೆ ಆ ಪರೀಕ್ಷೆಗೆ ಮೊದಲು ಬೇಕಾದದ್ದು, ಯಾವ ಶಾಫ್ಟು ಯಾವ ಕಾರಣಕ್ಕೆ ಕೆಟ್ಟಿತೆಂದು ಒಂದೊಂದಾಗಿ ಬರೆದಿಟ್ಟ ರಿಜಿಸ್ಟರು. ಒಟ್ಟು ರಿಜೆಕ್ಷನ್ ಇಷ್ಟೆಂದು ದಿನದ ಕೊನೆಗೆ ಒಂದೇ ಅಂಕೆ ಬರೆದರೆ ಸ್ವಾತಂತ್ರ್ಯದ ಪರೀಕ್ಷೆ ಅಸಾಧ್ಯ.

ಪರಾಧೀನತೆಯು ಒಂದು ಕಡೆ ಲಾಭವಾಗಿಯೂ ಇನ್ನೊಂದು ಕಡೆ ಅಪಾಯವಾಗಿಯೂ ಪರಿಣಮಿಸುವುದನ್ನು ವಿಸ್ತಾರವಾಗಿ ನೋಡುವುದು ಯುಕ್ತ. ಒಂದು ಕಟ್ಟಡಕ್ಕೆ ನೀರೆತ್ತಲು ಎರಡು ಪಂಪುಗಳಿವೆ. ಯಾವುದೇ ಒಂದು ದಿನ ಒಂದು ಪಂಪು ನಿಂತುಹೋಗುವ ಸಂಭವನೀಯತೆ 1/10. ಸ್ವತಂತ್ರವೆಂದು ಭಾವಿಸಿದವನು ಎರಡೂ ನಿಂತು ನೀರಿಲ್ಲದಾಗುವುದು 1/100, ನೂರು ದಿನಕ್ಕೊಮ್ಮೆ ಎಂದು ಸಮಾಧಾನಗೊಳ್ಳುತ್ತಾನೆ. ಆದರೆ ಎರಡೂ ಪಂಪುಗಳು ಒಂದೇ ಲೈನಿನ ಕರೆಂಟಿನಿಂದ ಓಡುತ್ತಿದ್ದು, ಇಪ್ಪತ್ತು ದಿನಕ್ಕೊಮ್ಮೆ ದಿನವಿಡೀ ಕರೆಂಟು ಹೋಗುವುದೆಂದಿಟ್ಟುಕೊಂಡರೆ, ಪಂಪಿನ ಸ್ವಂತ ದೋಷಕ್ಕೆ ಉಳಿಯುವ ಪಾಲು, ಕರೆಂಟು ಇದ್ದ ದಿನಗಳಲ್ಲಿ, 1/19. ಆಗ ಎರಡೂ ನಿಲ್ಲುವುದು ಕರೆಂಟು ಹೋದ 1/20ಕ್ಕೆ, ಕರೆಂಟಿದ್ದೂ ಎರಡೂ ಕೆಡುವ 19/20 × 1/361ನ್ನು ಕೂಡಿಸಿದಷ್ಟು. ಕೂಡಿಸಿದರೆ ಸರಿಯಾಗಿ 1/19. ನೂರು ದಿನಕ್ಕೊಮ್ಮೆ ಎಂದುಕೊಂಡದ್ದು ಹತ್ತೊಂಬತ್ತು ದಿನಕ್ಕೊಮ್ಮೆ ಆಯಿತು. ಇದೇ ಏರ್ಪಾಡಿನಲ್ಲಿ ಎರಡೂ ಪಂಪುಗಳು ಓಡುತ್ತಿರುವ ಸಂಭವನೀಯತೆಯಾದರೋ ಗುಣಲಬ್ಧವು ಹೇಳುವ 0.81ರಿಂದ 0.853ಕ್ಕೆ ಏರಿರುತ್ತದೆ. ಸಮಾನ ಕಾರಣದಿಂದ ಕಟ್ಟುಬಿದ್ದ ಘಟನೆಗಳು ಒಟ್ಟಿಗೆ ಬದುಕುವುದೂ ಹೆಚ್ಚು, ಒಟ್ಟಿಗೆ ಸಾಯುವುದೂ ಹೆಚ್ಚು. ಆದ್ದರಿಂದ ಶಾಫ್ಟಿನಂಥ ಸರಣಿ ಕೆಲಸದಲ್ಲಿ ಸ್ವಾತಂತ್ರ್ಯದ ಲೆಕ್ಕವು ಬಹುಮಟ್ಟಿಗೆ ಜಾಗರೂಕ ಲೆಕ್ಕವಾಗುತ್ತದೆ. ಒಂದಕ್ಕೊಂದು ಆಸರೆಯಾಗಿ ಇರಿಸಿದ ಜೋಡಿ ಏರ್ಪಾಡುಗಳಲ್ಲಿ ಅದು ಅಪಾಯಕರವಾದ ಭರವಸೆಯಾಗುತ್ತದೆ. ಮೂರನೆಯ ಪಂಪು ಕೊಳ್ಳುವ ಹಣದಲ್ಲಿ ಜನರೇಟರು ಕೊಳ್ಳುವುದು ಮೇಲೆಂಬುದು ಈ ಲೆಕ್ಕವನ್ನು ಮಾಡದೆ ತಿಳಿಯುವಂಥದಲ್ಲ.

ಬೆಂಗಳೂರಿನ ಅದೇ ಉತ್ತರ ಭಾಗದ ಹೆಬ್ಬಾಳದಲ್ಲಿ 1964ರಲ್ಲಿ ಸ್ಥಾಪಿತವಾದ ಕೃಷಿ ವಿಶ್ವವಿದ್ಯಾನಿಲಯದಲ್ಲಿ ಕಲಿಸುವ ವಿಷಯಗಳಿಗೆ ಬಂದರೆ, ಬಿತ್ತನೆಯಲ್ಲಿಯೂ ತಳಿಶಾಸ್ತ್ರದಲ್ಲಿಯೂ ಇದೇ ಗುಣಾಕಾರ. ನೂರಕ್ಕೆ 75 ಮೊಳೆಯುವ ತೊಗರಿ ಬೀಜವನ್ನು ಗುಣಿಗೆ ಒಂದರಂತೆ ಊರಿದರೆ ಕಾಲುಪಾಲು ಗುಣಿಗಳು ಬರಿದು. ಎರಡರಂತೆ ಊರಿದರೆ ಬರಿದಾಗುವುದು 1/4 × 1/4, ಎಂದರೆ ಹದಿನಾರಕ್ಕೊಂದು. ಮೂರರಂತೆ ಊರಿದರೆ ಅರವತ್ತನಾಲ್ಕಕ್ಕೊಂದು. ರೈತರು ಗುಣಿಗೆ ಎರಡು ಮೂರು ಕಾಳು ಹಾಕಿ ಆಮೇಲೆ ಹೆಚ್ಚಿನ ಸಸಿಯನ್ನು ಕೀಳುವ ಪದ್ಧತಿಯಲ್ಲಿ ಅಡಗಿರುವ ವಿವೇಕ ಇದು. ಗುಣಿಯ ಮೇಲೆ ಮಣ್ಣು ಹೆಪ್ಪುಗಟ್ಟಿದರೆ ಮೂರು ಕಾಳೂ ಒಟ್ಟಿಗೆ ಉಸಿರುಗಟ್ಟುತ್ತವೆಂಬುದನ್ನೂ ಅವರು ಬಲ್ಲರು. ಇನ್ನು ತಳಿಶಾಸ್ತ್ರದ ಮೂಲಪುರುಷನಾದ ಮೆಂಡೆಲನು 1866ರಲ್ಲಿ ಪ್ರಕಟಿಸಿದ ಬಟಾಣಿಯ ಪ್ರಯೋಗದಲ್ಲಿ, ಎರಡನೆಯ ತಲೆಮಾರಿನ 556 ಕಾಳುಗಳಲ್ಲಿ ದುಂಡು ಹಳದಿ 315, ದುಂಡು ಹಸುರು 108, ಸುಕ್ಕು ಹಳದಿ 101, ಸುಕ್ಕು ಹಸುರು 32 ಬಂದಿದ್ದವು. ದುಂಡು 3/4, ಹಳದಿ 3/4, ಎರಡೂ ಸ್ವತಂತ್ರ ಎಂದು ಗುಣಿಸಿದರೆ ದುಂಡು ಹಳದಿಗೆ 9/16, ಅರ್ಥಾತ್ 556ರಲ್ಲಿ ಸುಮಾರು 313. ಸುಕ್ಕು ಹಸುರಿಗೆ 1/16, ಸುಮಾರು 35. ಗುಣಾಕಾರವು ಪ್ರಕೃತಿಯಲ್ಲಿ ಇಷ್ಟು ಸ್ಫುಟವಾಗಿ ಕಾಣಿಸಿಕೊಂಡ ನಿದರ್ಶನಗಳು ವಿರಳ. 1905ರ ಸುಮಾರಿಗೆ ಬೇಟ್‌ಸನ್, ಪನ್ನೆಟ್ ಮೊದಲಾದವರು ಸಿಹಿಬಟಾಣಿಯ ಹೂವಿನ ಬಣ್ಣವನ್ನೂ ಪರಾಗದ ಆಕಾರವನ್ನೂ ಜೊತೆಯಾಗಿ ನೋಡಿದಾಗ ಆ ಪ್ರಮಾಣ ಒದಗಲಿಲ್ಲ. ಒಂದೇ ವರ್ಣತಂತುವಿನ ಮೇಲೆ ಅಕ್ಕಪಕ್ಕದಲ್ಲಿರುವ ವಂಶವಾಹಿಗಳು ಜೊತೆಜೊತೆಯಾಗಿ ಸಾಗುತ್ತವೆಂಬುದನ್ನು ಮುಂದೆ ಮಾರ್ಗನ್ ಹಣ್ಣಿನ ನೊಣಗಳಲ್ಲಿ ತೋರಿಸಿಕೊಟ್ಟನು. ಗುಣಲಬ್ಧ ತಪ್ಪಿದ್ದೇ ಇಲ್ಲಿ ಹೊಸ ಜ್ಞಾನದ ದ್ವಾರವಾಯಿತು.

ನ್ಯಾಯಾಸ್ಥಾನದಲ್ಲಿ ಅದೇ ತಪ್ಪು ಮನುಷ್ಯರ ಬಾಳನ್ನು ಬಲಿ ತೆಗೆದುಕೊಂಡಿದೆ. 1964ರಲ್ಲಿ ಅಮೆರಿಕದ ಲಾಸ್ ಏಂಜಲಿಸ್‌ನಲ್ಲಿ ನಡೆದ ಒಂದು ಸುಲಿಗೆಯ ಮೊಕದ್ದಮೆಯಲ್ಲಿ, ಹಳದಿ ಕಾರು 1/10, ಮೀಸೆ 1/4, ಜಡೆ 1/10, ಹೊಂಬಣ್ಣದ ಕೂದಲು 1/3, ಗಡ್ಡದ ಕರಿಯ ಪುರುಷ 1/10, ಭಿನ್ನವರ್ಣದ ಜೋಡಿ 1/1000 ಎಂದು ಆಧಾರವಿಲ್ಲದ ಅಂಕೆಗಳನ್ನು ಒಡ್ಡಿ, ಗುಣಿಸಿ, ಇಂಥ ಜೋಡಿ ಒಂದು ಕೋಟಿ ಇಪ್ಪತ್ತು ಲಕ್ಷಕ್ಕೊಂದು ಮಾತ್ರವೆಂದು ಸರಕಾರಿ ವಕೀಲನು ವಾದಿಸಿದನು. ಗಡ್ಡವಿರುವವರಲ್ಲಿ ಮೀಸೆಯಿರುವವರೇ ಹೆಚ್ಚೆಂಬುದನ್ನೂ, ಕರಿಯ ಪುರುಷನನ್ನೂ ಹೊಂಬಣ್ಣದ ಕೂದಲಿನ ಸ್ತ್ರೀಯನ್ನೂ ಎಣಿಸಿದ ಮೇಲೆ ಭಿನ್ನವರ್ಣದ ಜೋಡಿಯೆಂದು ಮತ್ತೆ ಎಣಿಸುವಂತಿಲ್ಲವೆಂಬುದನ್ನೂ ಆ ಲೆಕ್ಕವು ಮರೆತಿತ್ತು. ಕ್ಯಾಲಿಫೋರ್ನಿಯದ ಸರ್ವೋಚ್ಚ ನ್ಯಾಯಾಲಯ 1968ರಲ್ಲಿ ಕಾಲಿನ್ಸ್ ಎಂಬ ಆಪಾದಿತನ ಶಿಕ್ಷೆಯನ್ನು ರದ್ದುಗೊಳಿಸಿತು. ಇದಕ್ಕಿಂತ ಘೋರವಾದದ್ದು ಇಂಗ್ಲೆಂಡಿನ ಸ್ಯಾಲಿ ಕ್ಲಾರ್ಕ್ ಎಂಬ ತಾಯಿಯ ಪ್ರಕರಣ. ಆಕೆಯ ಎರಡು ಹಸುಗೂಸುಗಳು ಒಂದಾದ ಮೇಲೊಂದು ತೀರಿಕೊಂಡಿದ್ದವು. ಆಕೆಯದರಂಥ ಕುಟುಂಬದಲ್ಲಿ ಕಾರಣ ತಿಳಿಯದ ಶಿಶುಮರಣ 8,543ಕ್ಕೊಂದು, ಆದ್ದರಿಂದ ಎರಡು ಮರಣಗಳು ಅದರ ವರ್ಗ, ಏಳು ಕೋಟಿ ಮೂವತ್ತು ಲಕ್ಷಕ್ಕೊಂದು ಎಂದು 1999ರಲ್ಲಿ ಮಕ್ಕಳ ವೈದ್ಯತಜ್ಞನೊಬ್ಬನು ಸಾಕ್ಷ್ಯ ನುಡಿದನು. ಒಂದೇ ಮನೆ, ಒಂದೇ ರಕ್ತ, ಒಂದೇ ಹವೆಯಲ್ಲಿ ಹುಟ್ಟಿದ ಒಡಹುಟ್ಟುಗಳ ಮರಣಗಳನ್ನು ಸ್ವತಂತ್ರವೆನ್ನುವುದಕ್ಕೆ ಯಾವ ಆಧಾರವೂ ಇರಲಿಲ್ಲ. ರಾಯಲ್ ಸ್ಟಾಟಿಸ್ಟಿಕಲ್ ಸೊಸೈಟಿಯು 2001ರಲ್ಲಿ ಇದನ್ನು ಬಹಿರಂಗವಾಗಿ ಖಂಡಿಸಿತು. 2003ರಲ್ಲಿ ಆಕೆಗೆ ಬಿಡುಗಡೆಯಾಯಿತು. ಮೂರು ವರ್ಷಕ್ಕೂ ಹೆಚ್ಚು ಕಾಲ ಸೆರೆಮನೆಯಲ್ಲಿದ್ದ ಆ ತಾಯಿಗೆ ಆದ ಅನ್ಯಾಯದಲ್ಲಿ ಆ ಒಂದು ಗುಣಾಕಾರದ ಪಾಲು ಎಷ್ಟೆಂದು ಯಾರೂ ಅಳೆಯಲಾರರು. ಪಾಲೇ ಇರಲಿಲ್ಲವೆಂದು ಯಾರೂ ಹೇಳಲಾರರು.

ಎರಡಕ್ಕಿಂತ ಹೆಚ್ಚು ಘಟನೆಗಳಿದ್ದಲ್ಲಿ ಮತ್ತೊಂದು ಸೂಕ್ಷ್ಮವಿದೆ. ಎರಡು ನಾಣ್ಯಗಳನ್ನು ಚಿಮ್ಮಿ, ಮೊದಲನೆಯದರಲ್ಲಿ ಸಿಂಹಮುಖ ಬೀಳುವುದು, ಎರಡನೆಯದರಲ್ಲಿ ಸಿಂಹಮುಖ ಬೀಳುವುದು, ಎರಡರಲ್ಲಿಯೂ ಒಂದೇ ಮುಖ ಬೀಳುವುದು ಎಂಬ ಮೂರು ಘಟನೆಗಳನ್ನು ತೆಗೆದುಕೊಂಡರೆ, ಅವುಗಳಲ್ಲಿ ಯಾವ ಎರಡನ್ನು ಜೋಡಿಸಿದರೂ ಸ್ವತಂತ್ರ. ಆದರೆ ಮೂರೂ ಒಟ್ಟಿಗೆ ನಡೆಯುವುದು 1/4, ಗುಣಲಬ್ಧವಾದರೋ 1/8. ಜೋಡಿಜೋಡಿಯಾಗಿ ಸ್ವತಂತ್ರವಾದದ್ದೆಲ್ಲ ಸಮಗ್ರವಾಗಿ ಸ್ವತಂತ್ರವಲ್ಲವೆಂಬುದನ್ನು ಇಪ್ಪತ್ತನೆಯ ಶತಮಾನದಲ್ಲಿ ಎತ್ತಿ ತೋರಿಸಿದವನು ರಷ್ಯದ ಬರ್ನ್‌ಸ್ಟೈನ್.

ಗುಣಾಕಾರದ ನಿಯಮವು ಭವಿಷ್ಯವನ್ನು ಮುಂದಾಗಿ ಅಳೆಯುವುದಕ್ಕಷ್ಟೇ ಅಲ್ಲ, ಕಂಡ ಸಂಗತಿಗಳಿಂದ ಕಾಣದ ಪ್ರಮಾಣವನ್ನು ಅಂದಾಜು ಮಾಡುವುದಕ್ಕೂ ಬುನಾದಿ. ಸ್ವತಂತ್ರವಾದ ಅವಲೋಕನಗಳ ಸಂಭವನೀಯತೆಗಳನ್ನು ಗುಣಿಸಿ, ಆ ಗುಣಲಬ್ಧವು ಯಾವ ಪ್ರಮಾಣಕ್ಕೆ ಗರಿಷ್ಠವಾಗುವುದೋ ಅದನ್ನು ಆರಿಸುವುದು ಇಂಗ್ಲೆಂಡಿನ ಫಿಷರನು ಬೆಳೆಸಿದ ಪದ್ಧತಿ. ಅಂದು ಮದ್ರಾಸ್ ಆಧಿಪತ್ಯಕ್ಕೆ ಸೇರಿದ್ದ ಬಳ್ಳಾರಿ ಜಿಲ್ಲೆಯ ಹೂವಿನ ಹಡಗಲಿಯಲ್ಲಿ 1920ರಲ್ಲಿ ಜನಿಸಿ, ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ದುಡಿದು, 2023ರಲ್ಲಿ ನಿಧನರಾದ ಸಿ. ಆರ್. ರಾವ್ ಅವರು 1945ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಅಂಥ ಯಾವ ನಿಷ್ಪಕ್ಷಪಾತ ಅಂದಾಜೂ ಇಷ್ಟಕ್ಕಿಂತ ಹೆಚ್ಚು ನಿಖರವಾಗಿರಲಾರದೆಂಬ ಕೆಳಮಿತಿಯನ್ನು ಸ್ಥಾಪಿಸಿದರು. ಕ್ರಾಮೆರ್–ರಾವ್ ಮಿತಿಯೆಂದು ಅದು ಜಗತ್ಪ್ರಸಿದ್ಧ. ಅವಲೋಕನಗಳು ಸ್ವತಂತ್ರವಾಗಿದ್ದರೆ ಸಂಭವನೀಯತೆಗಳು ಗುಣಾಕಾರದಲ್ಲಿಯೂ, ಆದಕಾರಣ ಅವು ಹೊತ್ತುತರುವ ಮಾಹಿತಿಯು ಸಂಕಲನದಲ್ಲಿಯೂ ಬೆಳೆಯುತ್ತವೆ. ನೂರು ಅವಲೋಕನಗಳ ಮಾಹಿತಿ ಒಂದರ ನೂರರಷ್ಟು, ಅಂದಾಜಿನ ದೋಷ ಹತ್ತರಲ್ಲೊಂದು ಪಾಲು. ಸ್ವತಂತ್ರವಲ್ಲದಿದ್ದರೆ ಆ ಏರಿಕೆ ದೊರೆಯದು. ಅಬ್ಬಿಗೆರೆಯ ಶೆಡ್ಡಿನಲ್ಲಿ ಒಂದೇ ಕಂತಿನ ಸರಳುಗಳಿಂದ, ಒಂದೇ ಪಾಳಿಯಲ್ಲಿ, ಒಂದೇ ಲೇತಿನ ಮೇಲೆ ತಯಾರಾದ ನೂರು ಶಾಫ್ಟುಗಳನ್ನು ಅಳೆದವನು ನೂರು ಅವಲೋಕನಗಳನ್ನು ಪಡೆದಂತಾಗುವುದಿಲ್ಲ. ಹತ್ತು ಬೇರೆ ಬೇರೆ ಕಂತುಗಳಿಂದ ಹತ್ತು ಹತ್ತರಂತೆ ತೆಗೆದು ಅಳೆದವನಿಗೆ ಅದೇ ಮೈಕ್ರೋಮೀಟರು, ಅದೇ ಶ್ರಮಕ್ಕೆ, ಉಕ್ಕನ್ನೂ ಲೇತನ್ನೂ ಕುರಿತು ಹೆಚ್ಚಿನದನ್ನು ತಿಳಿಸುತ್ತದೆ.